ಮಳೆ ಮೊದಲಿನಷ್ಟೇ ಇದೆ, ನಡುವೆ ಹೊಳವು (ಮಳೆಯ ಬಿಡುವು) ಮಾತ್ರ ಸಿಗ್ತಿಲ್ಲ. ನಿಮ್ಮ ಕಡೆ ಹೇಗೆ?

ತೀರ್ಥಹಳ್ಳಿ ತೋಟದವ:
ನಮ್ಮದು ಎರಡು ಎಕರೆ ಅಡಿಕೆ ತೋಟ. ಹೋದ ವರ್ಷ ಕಾಯಿ ಉದುರಿಸುವ ಕೊಳೆರೋಗಕ್ಕೆ ಮೊದಲನೇ ಔಷಧಿ ಸರಿಯಾದ ಸಮಯಕ್ಕೇ ಹೊಡೆಸಿದ್ವಿ. ಎರಡನೇ ಸಲಕ್ಕೆ ಮೈಲುತುತ್ತ, ಸುಣ್ಣ ಎಲ್ಲ ತಂದಿಟ್ಟುಕೊಂಡು, ಮರ ಹತ್ತಿ ಹೊಡೆಯುವ ಕೊನೆಗಾರನಿಗೂ ಹೇಳಿ ಕಾದಿದ್ದೇ ಬಂತು, ಹತ್ತೊಂಬತ್ತು ದಿನ ಮಳೆ ಹೊಳವಾಗಲೇ ಇಲ್ಲ. ಆಮೇಲೆ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಲೆ, ಕೆಲವಕ್ಕೆ ಬಿಳಿ ಬೂಷ್ಟು. ಅಮ್ಮ ಬುಟ್ಟಿ ತಂದು ಆರಿಸಿದರು, ಏನೂ ಮಾತಾಡಲಿಲ್ಲ.

ಅಪ್ಪ ಕೇಳ್ತಾರೆ, "ಆರಿದ್ರಾ ಮಳೆ ಆರದೆ ಹುಯ್ಯೋದು ಹೊಸದಾ?" ಅಂತ. ಸುಳ್ಳಲ್ಲ. ಆದರೆ ಅವರ ಕಾಲದಲ್ಲಿ ನಡುವೆ ಎರಡು ದಿನ ಹೊಳವು ಸಿಗುತ್ತಿತ್ತು ಅಂತಲೂ ಅವರೇ ಹೇಳ್ತಾರೆ. ಭೂಮಿ ಬಿಸಿಯಾಗ್ತಿರೋದಕ್ಕೂ ಇದಕ್ಕೂ ನಿಜವಾಗಿ ಸಂಬಂಧ ಇದೆಯಾ?

ಹೊಸನಗರ ಮಳೆ ಲೆಕ್ಕ:
ಇದೆ ಮಾರಾಯ್ರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಅರಬ್ಬೀ ಸಮುದ್ರವೂ ಬಿಸಿಯಾಗಿದೆ, ಆವಿಗೆ ಬರವಿಲ್ಲ. ಹಾಗಾಗಿ ಬಿದ್ದರೆ ಒಂದೇ ಸಮನೆ ಬೀಳುತ್ತದೆ, ಬಿಟ್ಟರೆ ವಾರಗಟ್ಟಲೆ ಬಿಡುತ್ತದೆ. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ದೊಡ್ಡ ಪ್ರದೇಶಕ್ಕೆ ಒಟ್ಟಿಗೆ ಸುರಿಯುವ ವಿಪರೀತ ಮಳೆಗಳು ಮೂರು ಪಟ್ಟಾಗಿವೆ. ಅದು ಮಲೆನಾಡಿನ ಲೆಕ್ಕವಲ್ಲ, ಆದರೆ ಆ ಆವಿ ಬರೋದು ಇದೇ ಸಮುದ್ರದಿಂದ. ಉಲ್ಟಾ ಉದಾಹರಣೆಯೂ ಇದೆ: 2023ರ ಆಗಸ್ಟ್, 1901ರಿಂದ ಈಚೆಗೆ ದೇಶಕ್ಕೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟ್.

ನಿಮ್ಮದೊಂದು ವರ್ಷದ ಮಳೆಯನ್ನೇ ಹಿಡಿದು ಇದು ಬಿಸಿಯಿಂದಲೇ ಅಂತ ಹೇಳಲು ಬರಲ್ಲ. ವರ್ಷದ ಒಟ್ಟು ಇಂಚು ಬಿಟ್ಟು, ಸತತ ಎರಡು ದಿನ ಹೊಳವು ಎಷ್ಟು ಸಲ ಸಿಕ್ಕಿತು ಅಂತ ಬರೆದಿಡಿ. ಕೊಳೆರೋಗಕ್ಕೆ ಬೇಕಾದ ಲೆಕ್ಕ ಅದೇ.

ಇನ್ನು ಹೊಳವನ್ನೇ ನಂಬಿ ಕೂರಬೇಡಿ, ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟಿಸಿ. ಹಿಂದೆ ಕರಡದ (ಒಣಹುಲ್ಲಿನ) ಕೊಟ್ಟೆ ಕಟ್ಟುತ್ತಿದ್ದರಲ್ವಾ, ಈಗ ಪ್ಲಾಸ್ಟಿಕ್‌ನದ್ದು. ಮಳೆ ಹಿಡಿಯುವ ಮೊದಲೇ ಆಗಬೇಕು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನೂ ಸುಮ್ನೆ ಅಂದಾಜಿಗೆ ಕಲಸಬೇಡಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹೊಳೆಯುವ ಕತ್ತಿ ಅದ್ದಿ ನೋಡಿ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಅವತ್ತೇ ಹೊಡೆದು ಮುಗಿಸಿ.

ಸಾಗರ ನರ್ಸ್:
ಅಣ್ಣ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳನ್ನೂ (ಸೋಗೆಯ ಬುಡದ ಅಗಲ ಭಾಗ) ಒಂದು ಸಲ ನೋಡಿ. ಒಂದು ಹಾಳೆಯಲ್ಲಿ ಅಂಗೈಯಷ್ಟು ನೀರು ನಿಂತರೆ ಸಾಕು, ಡೆಂಗಿ ಸೊಳ್ಳೆಗೆ. ಅದರ ಮೊಟ್ಟೆ ಒಣಗಿದ ಹಾಳೆಯಲ್ಲೇ ತಿಂಗಳುಗಟ್ಟಲೆ ಉಳಿಯುತ್ತದೆ, ಮತ್ತೆ ಮಳೆ ಬಂದ ಕೂಡಲೇ ಮರಿಯಾಗುತ್ತದೆ. ಒಂದು ವಾರ ಮಳೆ, ಒಂದು ವಾರ ಬಿಸಿಲು ಅನ್ನೋ ಆಟ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಸೆಕೆ ಜಾಸ್ತಿಯಾದ ಹಾಗೆ ಸೊಳ್ಳೆ ಮೈಯೊಳಗೆ ವೈರಸ್ ಬೆಳೆಯೋದೂ ಬೇಗ. ಹಾಳೆ ಕವುಚಿ ಹಾಕಿಸಿ, ಇಲ್ಲವೇ ಎತ್ತಿಸಿ. ಇದು ಹಗಲು ಕಚ್ಚುವ ಸೊಳ್ಳೆ, ಕೆಲಸಕ್ಕೆ ಬರುವ ಹೆಂಗಸರು ಕಾಲು ಮುಚ್ಚುವಂತೆ ಬಟ್ಟೆ ಹಾಕಲಿ.

ಮಂಗನ ಕಾಯಿಲೆಯನ್ನೂ ಈಗ ಎಲ್ಲರೂ ಸೆಕೆಯ ಮೇಲೇ ಹಾಕ್ತಾರೆ, ನಾನು ಒಪ್ಪಲ್ಲ. ಅದು ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾಗಿದ್ದೇ 1957ರಲ್ಲಿ. ಕಾಡು ಕಡಿದದ್ದು, ಕಾಡಿನ ಅಂಚಿಗೇ ಮನೆ, ದನ ಬಂದದ್ದು ದೊಡ್ಡ ಕಾರಣ. ಡಿಸೆಂಬರಿನಿಂದ ಮೇವರೆಗೆ ಕಾಡಿನಿಂದ ದರಗು (ಒಣ ಎಲೆ) ತರಲು ಹೋಗುವವರು ಈ ಕಾಯಿಲೆ ಹರಡುವ ಉಣುಗಿನ (ಉಣ್ಣೆ ಹುಳ) ಬಗ್ಗೆ ಎಚ್ಚರವಾಗಿರಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಸೊರಬ ಗದ್ದೆ:
ಎಲ್ಲರೂ ಅಡಿಕೆ ಬಗ್ಗೇನೇ ಮಾತಾಡ್ತೀರಿ, ಅನ್ನದ ಬಗ್ಗೆ ಒಬ್ಬರೂ ಇಲ್ಲ. ಆ 2023ರಲ್ಲಿ ನಮ್ಮ ಮನೆಯ ಅಗೆ (ಭತ್ತದ ಸಸಿ) ಮಡಿಯಲ್ಲೇ ಬಲಿಯಿತು. ನೆಟ್ಟಿ ಮಾಡಲು ಗದ್ದೆಯಲ್ಲಿ ನೀರಿಲ್ಲ. ಬಲಿತ ಅಗೆ ನೆಟ್ಟರೆ ತೆಂಡೆ (ಬುಡದಿಂದ ಹೊಸ ಕವಲು) ಒಡೆಯಲ್ಲ, ಹಾಗೇ ಆಯಿತು. ಅದೇ ಜುಲೈಯಲ್ಲಿ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ರಫ್ತು ನಿಲ್ಲಿಸಿತ್ತು, ಅಂದರೆ ದೇಶಕ್ಕೇ ಅಕ್ಕಿಯ ಚಿಂತೆ. ನಮ್ಮ ಊರಲ್ಲಿ ಅರ್ಧ ಬಯಲು ಈಗ ತೋಟ. ಅಡಿಕೆ ಮಾರಿ ಅಕ್ಕಿ ತಂದರಾಯ್ತು ಅಂತ. ಆದರೆ ಒಂದೇ ವರ್ಷ ಅಡಿಕೆಯೂ ಉದುರಿ ಅಕ್ಕಿ ದರವೂ ಏರಿದರೆ ಏನು ಮಾಡ್ತೀರಿ? ನೀರು ನಿಲ್ಲಿಸಿ ಇಂಗಿಸುತ್ತಿದ್ದ ಗದ್ದೆ ಹೋದರೆ ಬೇಸಿಗೆಯಲ್ಲಿ ಬಾವಿಯಲ್ಲಿ ಏನಿರುತ್ತದೆ? ನಮ್ಮ ವರದಾ ಹೊಳೆ ಕಡೆ ನೆರೆ ನಿಂತರೂ ತಡೆಯುವ ನೆರೆಗುಳಿ ಭತ್ತ ಇದೆ. ನಾನು ಅರ್ಧ ಎಕರೆಗೆ ಅದನ್ನೇ ಹಾಕ್ತೇನೆ. ಇಳುವರಿ ಕಡಿಮೆ, ಆದರೂ ಬಿಡಲ್ಲ.

ತೀರ್ಥಹಳ್ಳಿ ತೋಟದವ:
ಎಲ್ಲರಿಗೂ ಥ್ಯಾಂಕ್ಸ್. ಎಲ್ಲ ಮರಕ್ಕೂ ಕೊಟ್ಟೆ ಕಟ್ಟಿಸುವಷ್ಟು ಆಳು ಸಿಗಲ್ಲ. ಹಳ್ಳದ ಪಕ್ಕದ ಅರವತ್ತು ಮರಕ್ಕೆ ಮೊದಲು ಕಟ್ಟಿಸ್ತೇನೆ, ಉದುರಿದ್ದೆಲ್ಲ ಜಾಸ್ತಿ ಅಲ್ಲೇ. ಹಾಳೆಗಳನ್ನು ಇವತ್ತು ಸಂಜೆಯೇ ಎತ್ತಿಸ್ತೇನೆ. ಸೊರಬದ ಅಣ್ಣ, ಎರಡು ಸೇರು ನೆರೆಗುಳಿ ಬೀಜ ಸಿಗಬಹುದಾ? ಕೆಳಗಿನ ಒಂದು ಗದ್ದೆಯನ್ನು ಅಪ್ಪ ಇನ್ನೂ ತೋಟ ಮಾಡಲು ಬಿಟ್ಟಿಲ್ಲ.