ಸಹಾಯ ಬೇಕು: ಅಲಿಬಾಗ್, ಮುರುಡ್, ಹರಿಹರೇಶ್ವರ (ಜನವರಿ 24ರಿಂದ 26)

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಗೆಳೆಯರು ಮುಂಬೈಗೆ ಬರ್ತಿದ್ದಾರೆ. ಅವರ ಜೊತೆ ಮುಂಬೈ ದಕ್ಷಿಣದ ಕೊಂಕಣ ಕರಾವಳಿ ಸುತ್ತೋ ಯೋಚನೆ. ಒಟ್ಟು ಆರು ಜನ, ಒಂದೇ ಎರ್ಟಿಗಾ ಕಾರು. ಒಬ್ಬರಿಗೆ ಮೊಣಕಾಲು ನೋವು.

ಅಲಿಬಾಗ್ ರಸ್ತೆಯ ವಡಖಳ್‌ನ ಟ್ರಾಫಿಕ್ ತಪ್ಪಿಸೋಕೆ ಮುಂಬೈನ ಭಾವುಚಾ ಧಕ್ಕಾ ಬಂದರಿನಿಂದ ಅಲಿಬಾಗ್ ಹತ್ತಿರದ ಮಾಂಡ್ವಾಗೆ ರೋ-ರೋದಲ್ಲಿ (ವಾಹನ ಒಯ್ಯೋ ಫೆರಿ) ಕಾರು ಸಮೇತ ಹೋಗ್ತೀವಿ, ಸುಮಾರು ಒಂದು ಗಂಟೆ. ಮುರುಡ್ ಆದ ಮೇಲೆ ಅಗರದಾಂಡಾದಲ್ಲಿ ಫೆರಿ ಹತ್ತಿ ದಿಘಿ, ದಿವೇಆಗರ್, ಹರಿಹರೇಶ್ವರ.

ಚಿಂತೆ ಇರೋದು ಸಮುದ್ರದ ಇಳಿತದ್ದು. ಅಲಿಬಾಗ್ ತೀರದ ಕೊಲಾಬಾ ಸಮುದ್ರಕೋಟೆಗೆ ನಡೆದು ಹೋಗೋಕೂ, ಹರಿಹರೇಶ್ವರ ದೇವಸ್ಥಾನದ ಬಂಡೆ ಮೇಲಿನ ಪ್ರದಕ್ಷಿಣೆಗೂ ನೀರು ಇಳಿದಿರಲೇಬೇಕು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತೆ, ಆ ಲೆಕ್ಕ ಸುಲಭ. ಆದರೆ ಈ ಸಲ 26ರ ಸೋಮವಾರ ಅಷ್ಟಮಿ ಆಸುಪಾಸು. ಸೂರ್ಯ, ಚಂದ್ರರ ಸೆಳೆತ ಬೇರೆ ಬೇರೆ ದಿಕ್ಕಿಗಿರೋದರಿಂದ ಆಗ ನೀರು ಅಮಾವಾಸ್ಯೆ, ಹುಣ್ಣಿಮೆಯಷ್ಟು ಕೆಳಗಿಳಿಯಲ್ಲ. ಕೋಟೆ ದಾರಿಯಲ್ಲಿ ನೀರು ಉಳಿದರೆ ಪಾಚಿಗಟ್ಟಿದ ಕಲ್ಲು ಕಣ್ಣಿಗೆ ಬೀಳಲ್ಲ, ಕಾಲು ಜಾರುತ್ತೆ.

ಅಷ್ಟಮಿ ಹೊತ್ತಿಗೆ ಅಲ್ಲಿ ನಡೆದವರು ಇದ್ದೀರಾ? ಕುದುರೆಗಾಡಿ ಹಿಡಿಯೋದೇ ವಾಸಿನಾ?

ಮುರುಡ್ ಹತ್ತಿರದ ಜಂಜಿರಾ ಸಮುದ್ರಕೋಟೆಯಲ್ಲಿ, ರಾಜಪುರಿ ದಡದಿಂದ ಹೋಗೋ ಹಾಯಿದೋಣಿ ಅಲೆಗೆ ತೂಗ್ತಿರುವಾಗಲೇ ಮೆಟ್ಟಿಲಿಗೆ ಕಾಲಿಡಬೇಕು. ಮೊಣಕಾಲು ನೋವಿನವರಿಗೆ ಆಗುತ್ತಾ, ಇಲ್ಲಾ ದಡದಿಂದಲೇ ನೋಡಿಸೋದಾ?

ದಿವೇಆಗರದಲ್ಲಿ ಸಸ್ಯಾಹಾರಿ ಊಟದ ಮನೆ, ಮಾಣಗಾವ್ ರಸ್ತೆಯ ಈಗಿನ ಸ್ಥಿತಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.