ಅಮ್ಮನ ಮಂಡಿಗೆ ಮೂರು ಡಾಕ್ಟರು, ಮೂರು ಮಾತು. ಯಾವ ಆಪರೇಷನ್ ಸರಿ?

ರೋಬಸ್ಟಾ_ಗೋಣಿಕೊಪ್ಪ
ಅಮ್ಮನಿಗೆ 63. ಬಲ ಮಂಡಿಯ ಒಳಬದಿಯಲ್ಲಿ ನೋವು, ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದೆ. ತೋಟದಲ್ಲಿ ಹತ್ತುವುದಕ್ಕಿಂತ ಇಳಿಯುವಾಗಲೇ ಹೆಚ್ಚು ಕಷ್ಟ. ಎಂಆರ್‌ಐಯಲ್ಲಿ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆ) ಹರಿದಿದೆ, ಸವೆತವೂ ಇದೆ ಎಂದು ಬಂದಿದೆ. ಒಬ್ಬರು ಕೀಹೋಲ್‌ನಲ್ಲಿ (ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ) ತೊಳೆದರೆ ಸಾಕು ಅಂತಾರೆ, ಇನ್ನೊಬ್ಬರು ಅರ್ಧ ಮಂಡಿ (ಸವೆದ ಒಂದು ಬದಿ ಮಾತ್ರ), ಮತ್ತೊಬ್ಬರು ಪೂರ್ತಿ ಮಂಡಿ ಬದಲಿಸಿ ಅಂತಾರೆ. ಶುಗರ್ ಇದೆ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) 8.4. ಹೋದ ತಿಂಗಳು ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದೆ. ಜನವರಿಯಿಂದ ಕೊಯ್ಲು, ಅದಕ್ಕೆ ಮೊದಲೇ ಮುಗಿಸಿಬಿಡಬಹುದಾ?

ಕೀಲುಮೂಳೆ
ಎಂಆರ್‌ಐ ಸದ್ಯಕ್ಕೆ ಪಕ್ಕಕ್ಕಿಡಿ, ಅದು ಮಲಗಿಸಿ ತೆಗೆದದ್ದು. ನಿಲ್ಲಿಸಿ, ಮೈಭಾರ ಕಾಲ ಮೇಲೆ ಬಿದ್ದಾಗ ತೆಗೆದ ಎಕ್ಸ್‌ರೇ ಇದೆಯಾ? ಸವೆತ ಎಷ್ಟು, ಯಾವ ಬದಿಗೆ ಎಂದು ಹೇಳುವುದು ಅದೇ. ಜೊತೆಗೆ ಪಕ್ಕದ ನೋಟ, ಮಂಡಿ ಮಡಚಿ ಚಿಪ್ಪನ್ನು ತೋರಿಸುವ ಸ್ಕೈಲೈನ್ ನೋಟ, ಸೊಂಟದಿಂದ ಹಿಮ್ಮಡಿವರೆಗಿನ ಉದ್ದ ಫಿಲ್ಮ್ ತೆಗೆಸಿ.

ಕೀಹೋಲ್ ತೊಳೆತ ಬೇಡ. ಸವೆದ ಮಂಡಿಯಲ್ಲಿ ಮೆನಿಸ್ಕಸ್ ಹರಿದಿರುವುದು ಮಾಮೂಲು, ನೋವಿಗೆ ಅದೇ ಕಾರಣ ಎನ್ನಲಾಗದು. 2002ರಲ್ಲೇ ಅಮೆರಿಕದಲ್ಲಿ ಕೆಲವರಿಗೆ ನಿಜವಾಗಿ ತೊಳೆದು, ಕೆಲವರಿಗೆ ಬರೀ ಚರ್ಮ ಕೊಯ್ದು ಹೊಲಿದು ನೋಡಿದರು. ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಂಡಿ ನಡುವೆಯೇ ಸಿಕ್ಕಿಕೊಂಡು ಮಡಚಲೂ ಆಗದೆ ನೀಡಲೂ ಆಗದೆ ನಿಂತುಬಿಡುತ್ತಿದ್ದರೆ ಆ ಮಾತು ಬೇರೆ.

ಕಾಲು ಬಾಗಿದವರಿಗೆ ಇನ್ನೊಂದು ದಾರಿ ಆಸ್ಟಿಯಾಟಮಿ. ಮಂಡಿಯ ಕೆಳಗಿನ ಕಾಲಿನ ಮೂಳೆ ಕೊಯ್ದು, ಸಂದು ಬಿಡಿಸಿ, ಪ್ಲೇಟ್ ಸ್ಕ್ರೂ ಹಾಕಿ ಭಾರವನ್ನು ಹೊರಬದಿಗೆ ತಿರುಗಿಸುತ್ತಾರೆ. 45–50ರ, ಇನ್ನೂ ಇಳಿಜಾರಿನಲ್ಲಿ ಮೂಟೆ ಹೊರುವವರಿಗೆ ಒಳ್ಳೆಯದು. ಮೂಳೆ ಕೂಡಲು ತಿಂಗಳುಗಳೇ ಬೇಕು, ಬೀಡಿ ಸಿಗರೇಟು ಸೇದುವವರಲ್ಲಿ ಕೂಡದೆಯೂ ಹೋಗುತ್ತದೆ. ಅಮ್ಮನ ವಯಸ್ಸಿಗೆ ನಾನಾದರೆ ಹೇಳುವುದಿಲ್ಲ.

ಗಂಟುಗಾರ
ಅರ್ಧ ಮಂಡಿಯನ್ನು ಸುಮ್ಮನೆ ತಳ್ಳಿಹಾಕಬೇಡಿ. ಸವೆತ ಒಳಬದಿಗಷ್ಟೇ ಇರಬೇಕು, ನಡುವಿನ ಎಸಿಎಲ್ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಗಟ್ಟಿ ಇರಬೇಕು, ಕಾಲು ಪೂರ್ತಿ ನೀಡಲು ಆಗದಿರುವುದು 15 ಡಿಗ್ರಿಗಿಂತ ಕಡಿಮೆ ಇರಬೇಕು, ಕೈಯಲ್ಲಿ ಒತ್ತಿದರೆ ಬಾಗು ನೇರವಾಗಬೇಕು. ಇದಕ್ಕೆ ಒತ್ತಿ ಹಿಡಿದು ತೆಗೆಯುವ ಸ್ಟ್ರೆಸ್ ಎಕ್ಸ್‌ರೇ ಇದೆ, ಕೇಳಿ ತೆಗೆಸಿ. ಇಷ್ಟೂ ಇದ್ದರೆ ಗಾಯ ಚಿಕ್ಕದು, ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ, ನಡಿಗೆ ಬೇಗ. ಆದರೆ ಮುಂದೆ ಮತ್ತೆ ಬಿಚ್ಚಬೇಕಾಗುವ ಸಂಭವ ಪೂರ್ತಿ ಮಂಡಿಗಿಂತ ಜಾಸ್ತಿ. ಆಗಾಗ ಮಾಡುವವರ ಕೈಯಲ್ಲೇ ಮಾಡಿಸಿ, ವರ್ಷಕ್ಕೆ ಒಂದೆರಡು ಮಾಡುವವರ ಹತ್ತಿರ ಬೇಡ.

ಪೂರ್ತಿ ಮಂಡಿ ಎಂದರೆ ಇಡೀ ಕೀಲು ತೆಗೆಯುವುದಲ್ಲ. ತೊಡೆಮೂಳೆಯ ತುದಿ, ಕೆಳಮೂಳೆಯ ಮೇಲ್ಭಾಗ ಎರಡನ್ನೂ ಸುಮಾರು 9–10 ಮಿಲಿಮೀಟರ್ ಕೊಯ್ದು, ಮೇಲೆ ಕೋಬಾಲ್ಟ್-ಕ್ರೋಮ್ ಕವಚ, ಕೆಳಗೆ ಲೋಹದ ತಟ್ಟೆ, ನಡುವೆ ಪಾಲಿಎಥಿಲೀನ್ ಪ್ಲಾಸ್ಟಿಕ್ ತುಂಡು ಕೂರಿಸಿ ಬೋನ್ ಸಿಮೆಂಟಿನಲ್ಲಿ ಅಂಟಿಸುತ್ತಾರೆ. ಹತ್ತರಲ್ಲಿ ಎಂಟು 25 ವರ್ಷ ಬಾಳುತ್ತವೆ. ಹಾಗಂತ ಎಲ್ಲರೂ ಖುಷಿ ಅಲ್ಲ, ಐದರಲ್ಲೊಬ್ಬರು ಅಂದುಕೊಂಡಷ್ಟು ಆಗಲಿಲ್ಲ ಅಂತಾರೆ. ರೋಬೋಟ್ ನೆರವಿನ ಆಪರೇಷನ್ ಬಗ್ಗೆ ಜಾಹೀರಾತು ಜೋರು. ಕೊಯ್ತ ಕರಾರುವಾಕ್ಕಾಗುತ್ತದೆ, ಅದರಿಂದ ಮಂಡಿ ಹೆಚ್ಚು ವರ್ಷ ಬರುತ್ತದೆ ಎಂಬುದಕ್ಕೆ ಪುರಾವೆ ಸಾಲದು.

ವಾಕರ್
ಆಪರೇಷನ್ ಯಾವುದೇ ಇರಲಿ, ಈಗ ಮಾತ್ರ ಬೇಡ. ಸ್ಟೀರಾಯ್ಡ್ ಇಂಜೆಕ್ಷನ್ ಆದ ಮೂರು ತಿಂಗಳೊಳಗೆ ಮಂಡಿ ಬದಲಿಸಿದರೆ ಸೋಂಕಿನ ಅಪಾಯ ಏರುತ್ತದೆ. ಎಚ್‌ಬಿಎ1ಸಿ 7.5ರ ಹತ್ತಿರ ಬರಲಿ. ಹುಳುಕು ಹಲ್ಲು, ಮೂತ್ರದ ಸೋಂಕು ಇದ್ದರೆ ಮೊದಲೇ ಮುಗಿಸಿ. ಕಾಲಿನಲ್ಲಿ ಜಿಗಣೆ ಕಚ್ಚಿ ಕೆರೆದು ಕೀವಾದ ಗಾಯ ಇದ್ದರೆ ಥಿಯೇಟರ್ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ, ಅದು ಸರಿ ಕೂಡ.

ಆಮೇಲಿನದು. ಆವತ್ತು ಅಥವಾ ಮರುದಿನವೇ ವಾಕರ್ ಹಿಡಿಸಿ ನಡೆಸುತ್ತಾರೆ. ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಡುತ್ತಾರೆ ನೋಡಿ, ಕಾಲು ಕೆಡುವುದೇ ಅಲ್ಲಿ. ಮಂಡಿ ಬಾಗಿದಂತೆಯೇ ಬಿಗಿಯಾಗುತ್ತದೆ, ಮತ್ತೆ ನೇರವಾಗದು. ದಿಂಬು ಹಿಮ್ಮಡಿಯ ಕೆಳಗಿರಲಿ. ಎರಡು ವಾರಕ್ಕೆ 90 ಡಿಗ್ರಿ, ಆರು ವಾರಕ್ಕೆ 110ರ ಆಸುಪಾಸು ಮಡಚಬೇಕು. ಆರು ವಾರ ಕಳೆದೂ 90 ದಾಟದಿದ್ದರೆ ಡಾಕ್ಟರನ್ನು ಕಾಣಿ, ಅರಿವಳಿಕೆ ಕೊಟ್ಟು ಬಗ್ಗಿಸುವ ದಾರಿ ಮೊದಲ ಮೂರು ತಿಂಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗಾಯದ ಹೊರಬದಿ ಜೋಮು, ಟಕ್ ಟಕ್ ಸದ್ದು, ತಿಂಗಳುಗಟ್ಟಲೆ ಬಿಸಿ, ಇವಕ್ಕೆಲ್ಲ ಹೆದರಬೇಡಿ.

ಹೆದರಬೇಕಾದದ್ದು: ವಾರ ಕಳೆದರೂ ಗಾಯದಿಂದ ನೀರು ಒಸರುವುದು, ಮೀನಖಂಡ ಊದಿ ನೋಯುವುದು, ತಟ್ಟನೆ ಉಸಿರು ಕಟ್ಟುವುದು. ಉಸಿರು ಕಟ್ಟಿದರೆ ಕಾಯದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಯ್ಯಿರಿ. ಗಾಯ ಒಸರಿದರೆ ಪೇಟೆಯ ಕ್ಲಿನಿಕ್‌ನಲ್ಲಿ ಆಂಟಿಬಯಾಟಿಕ್ ನುಂಗಿಸಬೇಡಿ. ಕೀಲಿನ ನೀರು ತೆಗೆದು ಕಲ್ಚರಿಗೆ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆಗೆ) ಕಳಿಸುವ ಮೊದಲೇ ಔಷಧಿ ಬಿದ್ದರೆ ರೋಗಾಣು ಸಿಗುವುದಿಲ್ಲ, ಒಳಗೇ ಅಡಗಿ ಕೂರುತ್ತದೆ. ಆಪರೇಷನ್ ಮಾಡಿದವರಿಗೇ ಅದೇ ದಿನ ಫೋನ್ ಮಾಡಿ.

ರೋಬಸ್ಟಾ_ಗೋಣಿಕೊಪ್ಪ
ಎಲ್ಲರಿಗೂ ಉಪಕಾರ. ಹಾಗಾದರೆ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಾ? ಖರ್ಚಿನ ಲೆಕ್ಕ ಹೇಗೆ?

ಕೀಲುಮೂಳೆ
ಮಾರ್ಚ್ ಸರಿ. ಜೂನ್ ಮಳೆ ಹಿಡಿಯುವ ಹೊತ್ತಿಗೆ ಹನ್ನೆರಡು ವಾರ ಆಗಿರುತ್ತದೆ. ಪಾಚಿ ಕಟ್ಟಿದ ಅಂಗಳದಲ್ಲಿ ವಾಕರ್ ಹಿಡಿದು ನಡೆಯುವ ಗತಿ ಬರುವುದಿಲ್ಲ. ಅಲ್ಲಿವರೆಗೆ ತೊಡೆಯ ಮುಂದಿನ ಸ್ನಾಯು ಗಟ್ಟಿಮಾಡುವ ವ್ಯಾಯಾಮ ದಿನಾ ಮಾಡಲಿ, ಕೋಲನ್ನು ಎಡಗೈಯಲ್ಲಿ ಹಿಡಿಯಲಿ. ಇದರಲ್ಲೇ ನೋವು ಹಿಡಿತಕ್ಕೆ ಬಂದರೆ ಆಪರೇಷನ್ ಮುಂದಕ್ಕೆ ಹಾಕಿದರೂ ನಷ್ಟವಿಲ್ಲ.

ಇಂಪ್ಲಾಂಟ್ (ಕೂರಿಸುವ ಕೃತಕ ಮಂಡಿ) ಬೆಲೆಗೆ 2017ರ ಆಗಸ್ಟಿನಿಂದ ಕೇಂದ್ರದ ಮಿತಿ ಇದೆ, ಬಿಲ್ಲಿನಲ್ಲಿ ಅದನ್ನು ಬೇರೆಯೇ ತೋರಿಸಲು ಹೇಳಿ. ಆಯುಷ್ಮಾನ್ ಕಾರ್ಡಿನಲ್ಲಿ ಆಗುವುದಾದರೆ ದಾಖಲಾಗುವ ಮೊದಲೇ ಒಪ್ಪಿಗೆ ಬರಬೇಕು. ಮಡಿಕೇರಿ ಜಿಲ್ಲಾಸ್ಪತ್ರೆಯ ರೆಫರಲ್ ಬೇಕಾ ಎಂದು ಅಲ್ಲಿನ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರನ್ನು) ಕೇಳಿ. ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್ ಡಿಸ್ಚಾರ್ಜ್ ಫೈಲಿನಲ್ಲಿ ಅಂಟಿಸಿದ್ದಾರಾ ನೋಡಿ. ಮುಂದೆ ಪ್ಲಾಸ್ಟಿಕ್ ತುಂಡು ಬದಲಿಸಬೇಕಾದರೆ ಕಂಪನಿ, ಅಳತೆ ತಿಳಿಯುವುದು ಅದರಿಂದಲೇ.

ವಾಕರ್
ಮನೆಯಲ್ಲಿ ನೆಲದ ಕಕ್ಕಸು ಇದ್ದರೆ ಫೆಬ್ರವರಿಯಲ್ಲೇ ಕಮೋಡ್ ಕೂರಿಸಿ, ಪಕ್ಕದ ಗೋಡೆಗೆ ಹಿಡಿಕೆ ಹಾಕಿಸಿ. ಮೈಸೂರಿನಿಂದ ಬರುವಾಗ ಕಾರಿನ ಮುಂದಿನ ಸೀಟು ಹಿಂದಕ್ಕೆ ತಳ್ಳಿ ಕೂರಿಸಿ, ಹುಣಸೂರಿನಲ್ಲೊಮ್ಮೆ ತಿತಿಮತಿಯಲ್ಲೊಮ್ಮೆ ಇಳಿಸಿ ನಾಲ್ಕು ಹೆಜ್ಜೆ ನಡೆಸಿ. ರಕ್ತ ತೆಳುವಾಗಿಸುವ ಗುಳಿಗೆ ಎಷ್ಟು ದಿನ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.