ನರ್ಸಿಂಗ್ ಅಸಿಸ್ಟೆಂಟ್ ಇಂಟರ್‌ವ್ಯೂಗೆ ಹೋಗೋ ಮುಂಚೆ

ಅತ್ತಿಗೆ, ಮಗಳಿಗೆ ಆಸ್ಪತ್ರೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಕೆಲಸಕ್ಕೆ ಇಂಟರ್‌ವ್ಯೂ ಇದೆ, ಏನು ಕೇಳ್ತಾರೆ ಅಂದ್ರಲ್ಲ. ಸ್ವಲ್ಪ ಉದ್ದ ಆಗತ್ತೆ, ಫೋನ್ ಅವಳ ಕೈಗೇ ಕೊಡಿ.

ನೋಡು ಪುಟ್ಟಿ, "ನಿನ್ನ ಬಗ್ಗೆ ಹೇಳು" ಅಂದ್ರೆ ಒಂದು ನಿಮಿಷ ಸಾಕು. ಯಾವ ಕೋರ್ಸು, ಯಾವ ವಾರ್ಡಲ್ಲಿ ಎಷ್ಟು ದಿನ ಟ್ರೈನಿಂಗು, ಅಷ್ಟೆ. ಚಿಕ್ಕಂದಿನಿಂದ ಸೇವೆ ಮಾಡೋ ಆಸೆ ಅನ್ನೋದನ್ನ ಕೇಳಿ ಕೇಳಿ ಅವರಿಗೆ ಸಾಕಾಗಿರತ್ತೆ. ಬೆಡ್‌ಪ್ಯಾನು, ನೈಟ್ ಶಿಫ್ಟು ಎಲ್ಲ ಗೊತ್ತಿದ್ದೇ ಬಂದಿದೀನಿ ಅನ್ನು, ಅದಕ್ಕೆ ತೂಕ ಜಾಸ್ತಿ.

ಆಮೇಲೆ ಬರೋದು "ಹೀಗಾದ್ರೆ ಏನ್ಮಾಡ್ತೀಯ" ಅನ್ನೋ ಪ್ರಶ್ನೆಗಳು. ಪೇಷೆಂಟ್ ನೆಲಕ್ಕೆ ಬಿದ್ದಿದಾರೆ ಅಂತಿಟ್ಕೋ. "ಎತ್ತಿ ಮಲಗಿಸ್ತೀನಿ" ಅಂದ್ಯೋ, ಕೆಟ್ಟಿತು. ಸೊಂಟದ ಮೂಳೆ ಮುರಿದಿದ್ರೆ, ಕತ್ತಿಗೆ ಪೆಟ್ಟಾಗಿದ್ರೆ ನೀನು ಎತ್ತೋದ್ರಿಂದಲೇ ಹೆಚ್ಚಾಗತ್ತೆ. ಅಲುಗಾಡಿಸಬೇಡ, ಬಿಟ್ಟು ಓಡಬೇಡ. ಬೆಲ್ ಒತ್ತಿಯೋ ಕೂಗಿಯೋ ನರ್ಸನ್ನ ಕರಿ, ಮಾತಾಡಿಸ್ತಾ ಉಸಿರು ನೋಡು, ಎಲ್ಲಾದ್ರೂ ರಕ್ತ ಬರ್ತಿದ್ಯಾ ನೋಡು. ನರ್ಸ್ ಬಂದು ಪರೀಕ್ಷೆ ಮಾಡಿ ಹೇಳಿದ ಮೇಲೇ ಎತ್ತೋದು.

ಉಸಿರು ಕಟ್ಟತ್ತೆ, ಆಕ್ಸಿಜನ್ ಜಾಸ್ತಿ ಮಾಡು ಅಂತ ಪೇಷೆಂಟ್ ಅಂದ್ರೆ ಆಕ್ಸಿಜನ್ ಎಷ್ಟು ಹೋಗಬೇಕು ಅಂತ ಇಟ್ಟಿರೋ ಫ್ಲೋ ಮುಟ್ಟಬೇಡ. ಹಾಸಿಗೆಯ ತಲೆಭಾಗ ಎತ್ತು, ಟ್ಯೂಬ್ ಮಡಚಿದ್ಯಾ ನೋಡು, ನರ್ಸನ್ನ ಕರಿ. ರಿಪೋರ್ಟ್ ಏನಾಯ್ತು ಅಂತ ಮನೆಯವರು ಕೇಳಿದ್ರೂ ನೀನು ಹೇಳೋ ಹಾಗಿಲ್ಲ. ಒಟ್ಟಲ್ಲಿ ನೀನು ಎಲ್ಲಿ ಕೈ ತಡೀತೀಯ ಅಂತಲೇ ಅವರು ಅಳೆಯೋದು. ಹಾಗಂತ ಎಲ್ಲಕ್ಕೂ "ನರ್ಸಿಗೆ ಹೇಳ್ತೀನಿ" ಅಂತ ಸುಮ್ಮನಾದ್ರೂ ಪೆದ್ದಿ ಅನ್ಕೋತಾರೆ. ನರ್ಸ್ ಬರೋವರೆಗೆ ಏನು ಮಾಡ್ತಿರ್ತೀಯ ಅನ್ನೋದನ್ನೂ ಸೇರಿಸು.

ಸಂಖ್ಯೆಗಳು ಬಾಯಲ್ಲಿರಲಿ. ದೊಡ್ಡವರಿಗೆ ನಿಮಿಷಕ್ಕೆ ನಾಡಿ 60ರಿಂದ 100, ಉಸಿರು 12ರಿಂದ 20. ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿರೋ ಆಕ್ಸಿಜನ್ ಮಟ್ಟ, ಸಾಮಾನ್ಯವಾಗಿ ಶೇಕಡ 95ರ ಮೇಲೆ. ಉಸಿರು ಎಣಿಸ್ತಿದೀನಿ ಅಂತ ಪೇಷೆಂಟಿಗೆ ಹೇಳಬೇಡ, ಗೊತ್ತಾದ್ರೆ ಉಸಿರಾಟವೇ ಬದಲಾಗತ್ತೆ. ನಾಡಿ ಹಿಡಿದ ಕೈ ಬಿಡದೆ ಎದೆ ನೋಡ್ತಾ ಎಣಿಸು, ಏರುಪೇರಿದ್ರೆ ಪೂರ್ತಿ 1 ನಿಮಿಷ. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿರೋ ಜಾಗ) ಇರೋ ಕೈಗೆ ಬಿಪಿ ಕಫ್, ಅಂದ್ರೆ ಬಿಪಿ ನೋಡೋಕೆ ತೋಳಿಗೆ ಸುತ್ತೋ ಪಟ್ಟಿ, ಕಟ್ಟಬಾರದು. ಕಫ್ ಚಿಕ್ಕದಾದ್ರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸತ್ತೆ.

ಮಾಡಿ ತೋರಿಸು ಅಂದ್ರೆ ಹೆಚ್ಚಾಗಿ ಕೈ ತೊಳೆಯೋದು, ಇಲ್ಲಾ ಮಂಚದಿಂದ ವೀಲ್‌ಚೇರಿಗೆ ಕೂರಿಸೋದು. ಸೋಪಲ್ಲಿ ಕೈ ತೊಳೆಯೋಕೆ 40ರಿಂದ 60 ಸೆಕೆಂಡ್. ಹೆಬ್ಬೆರಳು, ಉಗುರ ತುದಿ ಮರೀಬೇಡ. ವೀಲ್‌ಚೇರ್ ಅಂದ್ರೆ ಮೊದಲು ಹೆಸರು ಕೇಳಿ ಕೈಪಟ್ಟಿ ನೋಡು, ಏನು ಮಾಡ್ತೀನಿ ಅಂತ ಪೇಷೆಂಟಿಗೆ ಹೇಳು. ಒಂದು ಪಕ್ಕ ಸ್ವಾಧೀನ ಇಲ್ಲದವರಿಗೆ ಚೇರು ಶಕ್ತಿ ಇರೋ ಪಕ್ಕಕ್ಕೆ. ಮಂಚಕ್ಕೂ ಚೇರಿಗೂ ಬ್ರೇಕ್ ಹಾಕು, ಫುಟ್‌ರೆಸ್ಟ್ ಮಡಚು, ಜಾರದ ಚಪ್ಪಲಿ ತೊಡಿಸು. ಮಂಚದ ಅಂಚಲ್ಲಿ ಒಂದೆರಡು ನಿಮಿಷ ಕೂರಿಸಿ ತಲೆ ಸುತ್ತತ್ತಾ ಕೇಳು. ಮಲಗಿದ್ದವರು ಗಕ್ಕನೆ ಎದ್ರೆ ಬಿಪಿ ಇಳಿದುಬಿಡತ್ತೆ. ಕಂಕುಳಿಗೆ ಕೈ ಹಾಕಿ ಎಳೀಬೇಡ, ಭುಜದ ಕೀಲು ಹೋಗತ್ತೆ. ನಿನ್ನ ಮೊಣಕಾಲು ಬಗ್ಗಲಿ, ಸೊಂಟ ಬಗ್ಗೋದು ಬೇಡ. ಎಲ್ಲಾ ಚೆನ್ನಾಗಿ ಮಾಡಿ ಬ್ರೇಕ್ ಒಂದು ಮರೆತ್ಯೋ, ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮಿಕ್ಕಿದ್ದು ಚಿಲ್ಲರೆ: ತಾವಾಗಿ ಮಗ್ಗುಲಾಗದವರನ್ನ 2 ಗಂಟೆಗೊಂದು ಸಲ ಹೊರಳಿಸೋದು, ಯೂರಿನ್ ಬ್ಯಾಗು ಮೂತ್ರಕೋಶಕ್ಕಿಂತ ಕೆಳಗೆ ಆದ್ರೆ ನೆಲಕ್ಕೆ ತಾಗದ ಹಾಗೆ, ಊಟ ಆದ ಮೇಲೂ 30 ನಿಮಿಷ ಕೂರಿಸಿರೋದು, ಬಿಚ್ಚುವಾಗ ಗ್ಲೌಸ್ ಮೊದಲು, ಮಾಸ್ಕ್ ಕೊನೆಗೆ.

ಉಗುರು ಕತ್ತರಿಸು, ಉಂಗುರ ಬೇಡ. ಏನಾದ್ರೂ ಕೇಳೋದಿದ್ಯಾ ಅಂದ್ರೆ ಇಲ್ಲ ಅನ್ನಬೇಡ. ಒಂದು ಶಿಫ್ಟಲ್ಲಿ ಒಬ್ಬರಿಗೆ ಎಷ್ಟು ಪೇಷೆಂಟ್ಸ್, ಹೊಸಬರ ಜೊತೆ ಎಷ್ಟು ದಿನ ಹಳಬರು ಇರ್ತಾರೆ ಅಂತ ಕೇಳು.

ಅತ್ತಿಗೆ, ನೀವು ಇವತ್ತಿಂದ ದಿನಾ ಎರಡು ಸಲ ಎಡಗೈ ಎಡಗಾಲು ಸ್ವಾಧೀನ ಇಲ್ಲದವರ ಥರ ಮಂಚದ ಮೇಲೆ ಮಲಗಿ. ಹಂತ ಹಂತವಾಗಿ ಬಾಯಲ್ಲಿ ಹೇಳ್ತಾ ನಿಮ್ಮನ್ನ ಕುರ್ಚಿಗೆ ಕೂರಿಸಲಿ. ನೀವು ಮಾತ್ರ ಸಹಾಯ ಮಾಡಬೇಡಿ.